ಅಣ್ಣನ ಬಿಳಿ ಟೋಪಿ

ಬರೋಡಾ
ಸೋಮವಾರ, ೯ ಮಾರ್ಚ್ ೧೯೬೪

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಎರಡು ತುತ್ತಾದರೂ ಉಣ್ಣುತ್ತಿದ್ದೀಯಾ? ನೀನೇ ಓದಿಕೊಳ್ಳಲೆಂದು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ಯಾರ ಕೈಗೂ ಕೊಡಬೇಡ. ನಮ್ಮ ಹೋಟೆಲಿನ ಹಿಂದಿನ ಕೋಣೆಯಲ್ಲಿ ತರಕಾರಿ ಹೆಚ್ಚುತ್ತಾ ಅ ಆ ಇ ಈ ಕಲಿತ ನೀನೇ ಅಲ್ಲವೇ ನನ್ನ ಮೊದಲ ವಿದ್ಯಾರ್ಥಿನಿ? ಮಹಾ ಮೊಂಡು ವಿದ್ಯಾರ್ಥಿನಿ. ಪ್ರತಿ ಕಾಗದದಲ್ಲೂ ಅಪ್ಪಯ್ಯನ ಕೆಮ್ಮು ಹೇಗಿದೆ ಎಂದು ಕೇಳುತ್ತಿದ್ದೆ. ಈ ಸಲ ಕೇಳುವುದಿಲ್ಲ. ಅಪ್ಪಯ್ಯ ಇಲ್ಲವೆಂದು ನನಗೆ ಗೊತ್ತಾಗಿದೆ ಅಮ್ಮಾ.

ಯಾರೂ ಹೇಳಲಿಲ್ಲ. ನಿನ್ನೆ ಭಾನುವಾರ, ಎಂದಿನಂತೆ ಚಿಕ್ಕಣ್ಣ ಪಾಂಡುರಂಗ ಅಹಮದಾಬಾದಿನಿಂದ ತಿಂಡಿಯ ಡಬ್ಬ ತಂದ. ತಲೆಯ ಮೇಲೆ ಬಿಳಿ ಟೋಪಿ! ಇಷ್ಟು ವರ್ಷ ಗುಜರಾತಿನಲ್ಲಿದ್ದರೂ ಒಂದು ದಿನ ಟೋಪಿ ಹಾಕದವನು "ಬಿಸಿಲಿಗೆ" ಎಂದ. ಡಬ್ಬವನ್ನು ನನ್ನ ಕೈಗೆ ಕೊಡದೆ ಹಾಸ್ಟೆಲಿನ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದ. ಒಳಗೆ ನಿನ್ನ ಚಕ್ಕುಲಿ ಇರಲಿಲ್ಲ, ಅಂಗಡಿಯ ಗಾಂಠಿಯಾ ಇತ್ತು. ಸೂತಕದ ಮನೆಯಲ್ಲಿ ಎಣ್ಣೆ ಬಾಣಲೆ ಇಡುವುದಿಲ್ಲವೆಂದು ಕಲಿಸಿದವಳು ನೀನೇ. "ಅಪ್ಪಯ್ಯ ಹುಷಾರಿದ್ದಾರಾ?" ಎಂದೆ. "ಹೂಂ, ಮಲಗಿದ್ರು. ನೀನು ಪಾಠ ಚೆನ್ನಾಗಿ ಮಾಡು ಮಾರಾಯ್ತಿ" ಎಂದು ರಸ್ತೆಯ ಕಡೆ ನೋಡಿದ. ಟೋಪಿಯ ಕೆಳಗೆ, ಕಿವಿಯ ಹಿಂದೆ, ಹೊಸದಾಗಿ ಬೋಳಿಸಿದ ಚರ್ಮ ಬೆಳ್ಳಗೆ ಕಾಣುತ್ತಿತ್ತು. ಪಾಪ, ಸುಳ್ಳು ಹೇಳುವುದು ಅವನಿಗೆ ಎಂದೂ ಬರಲಿಲ್ಲ.

ನಿಮ್ಮೆಲ್ಲರ ಉಪಾಯ ಅರ್ಥವಾಯಿತು. ಸುದ್ದಿ ಕಿವಿಗೆ ಬಿದ್ದ ಮೇಲೆ ತಾನೇ ಸೂತಕ? ಬಿದ್ದರೆ ಹತ್ತು ದಿನ ಶಾಲೆಯ ಹೊಸ್ತಿಲು ತುಳಿಯುವಂತಿಲ್ಲ, ಟೀಚರ್ ಟ್ರೈನಿಂಗಿನ ಪರೀಕ್ಷೆಯ ಪಾಠ ತಪ್ಪಿ ವರ್ಷವೇ ಹೋಗುತ್ತದೆ. ಅದಕ್ಕೇ ಮುಚ್ಚಿಟ್ಟಿರಿ. ನನ್ನ ಕಿವಿಗೂ ಬೀಳಲಿಲ್ಲವಲ್ಲ, ಕಣ್ಣಿಂದ ನೋಡಿದೆ ಅಷ್ಟೆ. ಶಾಸ್ತ್ರ ಬೇಕಾದ್ದು ಹೇಳಲಿ. ರಾತ್ರಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಬೆಳಿಗ್ಗೆ ತಣ್ಣೀರು ಸುರಿದುಕೊಂಡು ಪಾಠಕ್ಕೆ ಹೋದೆ. ಸಿಟ್ಟಾಗಬೇಡ. ಪಾಸಾದರೆ ಕೆಲಸ, ಇರಲು ಒಂದು ಕೋಣೆ ಎಂದು ಸೂರತ್ತಿನ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ ಮಾತು ಕೊಟ್ಟಿದ್ದಾರೆ. ಇನ್ನು ಮೇಲೆ ನಿನಗೂ ನಿನ್ನದೆನ್ನುವ ಒಂದು ಬಾಗಿಲು ಬೇಕು.

ಪಾಠ ಊರಿನ ಕಸುಬುಗಳ ಬಗ್ಗೆ. ಮಕ್ಕಳನ್ನು ಒಬ್ಬೊಬ್ಬರಾಗಿ ಎಬ್ಬಿಸಿ ಅವರಪ್ಪ ಏನು ಮಾಡುತ್ತಾರೆಂದು ಕೇಳಿದೆ. ತಾರಾ ಎಂಬ ಚೂಟಿ ಹುಡುಗಿ ತಿರುಗಿ ನನ್ನನ್ನೇ ಕೇಳಿದಳು: "ಬೆನ್, ತಮಾರಾ ಬಾಪುಜಿ ಶುಂ ಕರೇ ಛೇ?" ಟೀಚರ್, ನಿಮ್ಮ ಅಪ್ಪ ಏನು ಮಾಡುತ್ತಾರೆ ಎಂದು. ಹಿಂದಿನ ಬೆಂಚಿನಲ್ಲಿ ಪರೀಕ್ಷಕರು ಪೆನ್ನು ಹಿಡಿದು ಕೂತಿದ್ದರು. ಹೋಟೆಲ್ ನಡೆಸುತ್ತಾರೆ, ಅಹಮದಾಬಾದಿನಲ್ಲಿ ಅವರಷ್ಟು ಒಳ್ಳೆಯ ಕಾಫಿ ಯಾರೂ ಮಾಡುವುದಿಲ್ಲ ಎಂದೆ. ಮಕ್ಕಳು ನಕ್ಕರು, ಪರೀಕ್ಷಕರೂ ನಕ್ಕರು. ನಾನು ಬೋರ್ಡಿನ ಕಡೆ ತಿರುಗಿ ಬೇಡದ್ದನ್ನೆಲ್ಲ ಬರೆಯುತ್ತಾ ನಿಂತೆ.

ಸೂತಕದಲ್ಲಿ ನಮಸ್ಕಾರ ಹೇಳುವಂತಿಲ್ಲ. ನಿನ್ನ ಮಡಿಲಲ್ಲಿ ತಲೆಯಿಟ್ಟಿದ್ದೇನೆ ಎಂದುಕೋ.

ನಿನ್ನ ಮಗಳು
ಊರ್ಮಿಳಾ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನ ಅಣ್ಣ ಸದಾಶಿವ ಮಾವ ಊರಿನಿಂದ ಬಂದೇ ಇರುತ್ತಾರೆ. ದೊಡ್ಡಪ್ಪ ಹೋದಾಗ ಹತ್ತನೆಯ ದಿನ ಪದ್ಮಾವತಿ ದೊಡ್ಡಮ್ಮನನ್ನು ಹಿತ್ತಿಲಲ್ಲಿ ಕ್ಷೌರಿಕನ ಮುಂದೆ ಕೂರಿಸಿದವರು ಅವರೇ. ನಿನ್ನ ತಲೆ ಮುಟ್ಟಲು ಬಿಡಬೇಡ. ಮಗಳು ಬರಲಿ ಎನ್ನು, ಒಳಗಿನಿಂದ ಚಿಲಕ ಹಾಕಿಕೋ. ಗುರುವಾರ ಎರಡನೆಯ ಪಾಠ ಮುಗಿದ ಕೂಡಲೇ ಸಂಜೆಯ ಗಾಡಿಗೆ ಬರುತ್ತೇನೆ. ಹತ್ತನೆಯ ದಿನ ಎಂದು ಬೀಳುತ್ತದೋ ತಿಳಿಯೋಣವೆಂದರೆ ಅಪ್ಪಯ್ಯ ಯಾವತ್ತು ಹೋದರೆಂದೇ ನನಗೆ ಗೊತ್ತಿಲ್ಲ. ನಾನು ಬರುವಷ್ಟರಲ್ಲಿ ಎಲ್ಲಾ ಮುಗಿದುಹೋಗಿದ್ದರೆ, ಸೆರಗು ಹೊದ್ದು ಒಳಗೆ ಕೂರಬೇಡ. ಬಾಗಿಲಿಗೆ ಬಾ ಅಮ್ಮಾ.