ತೇರೇಖೋಲಿನಲ್ಲಿ ಕರೆಯದೆ ಬಿಟ್ಟ ಹೆಸರು

ಕಾಶೀ,

ಬೆಳಗಿನ ವೆಂಗುರ್ಲೆ ಮೋಟಾರಿಗೆ ಹೊರಟಿದ್ದೇನೆ. ಕಚೇರಿಗೆ ನನಗೆ ಜ್ವರವೆಂದು ಹೇಳಿ ಕಳಿಸು. ಖಾನಾಪುರದಿಂದ ನಿಮ್ಮವ್ವನನ್ನು ಕರೆಸಿಕೋ, ಒಬ್ಬಳೇ ಇರಬೇಡ.

ನಾನು ಕುಮುದಾಳನ್ನು ಕರೆದುಕೊಂಡು ಸಮುದ್ರದ ಊರುಗಳನ್ನು ನೋಡಲು ಹೊರಟಾಗ ನೀನು ಹೇಳಿದ್ದೆ: "ಪ್ರತಿ ಊರು ಬಿಡೂಮುಂದ ಮಗಳ ಹೆಸರು ಹಿಡದು ಕರೀರಿ, ಇಲ್ಲಂದ್ರ ಜೀವ ಅಲ್ಲೇ ಉಳೀತದ." ವೆಂಗುರ್ಲೆಯಲ್ಲಿ ಕರೆದೆ, ರೇಡಿಯಲ್ಲೂ ಕರೆದೆ. ತೇರೇಖೋಲಿನ ಕೋಟೆಯ ಕೆಳಗೆ ದೋಣಿ ಹತ್ತುವಾಗ ಜೊತೆಗಿದ್ದ ಕಚೇರಿಯವರು ನಕ್ಕರು. ನಾಚಿ ಅಲ್ಲಿ ಮಾತ್ರ ಅವಳನ್ನು ಕರೆಯಲಿಲ್ಲ. ಎಲ್ಲ ಕಡೆ ಕರೆದೆನೆಂದು ನಿನಗೆ ಸುಳ್ಳು ಹೇಳಿದೆ. ಬೈಯುವುದಿದ್ದರೆ ಬಂದ ಮೇಲೆ ಬೈ.

ಮನೆಗೆ ಬಂದ ಮೂರು ದಿನದಿಂದ ಕುಮುದಾ ಹಾಸಿಗೆಯಿಂದ ಎದ್ದಿಲ್ಲ, ಹೆಸರು ಕರೆದರೆ ತಿರುಗುತ್ತಿಲ್ಲ. ದೋಣಿಯಲ್ಲಿ ನೆನೆದ ಕೂದಲು, ಎಷ್ಟು ಒರೆಸಿದರೂ, ಇನ್ನೂ ಆರಿಲ್ಲ. ಗಂಜಿ ಕುಡಿಸು. ಹೆಸರು ಮಾತ್ರ ಕರೆಯಬೇಡ, ಅವಳಲ್ಲದ್ದು ಓಗೊಟ್ಟೀತು.

ಆ ಕೋಟೆಯ ಮೆಟ್ಟಿಲ ಮೇಲೆ ನಿಂತು ನಾನೇ ಕರೆಯುತ್ತೇನೆ: "ಕುಮುದಾ, ಬಾ, ಮನಿಗೆ ಹೋಗೂಣು." ಯಾರು ನಕ್ಕರೂ ನಗಲಿ.

ನಾಳೆ ಸಂಜೆ ನಾನು ಬಾಗಿಲು ತಟ್ಟಿದಾಗ ಮೊದಲು ಹಾಸಿಗೆ ನೋಡು. ಅವಳು ಎದ್ದು ಕೂತು ನಿನ್ನನ್ನು ಅವ್ವಾ ಎಂದರೆ ಬಾಗಿಲು ತೆಗೆ. ಅವಳು ಹೀಗೆಯೇ ಮಲಗಿದ್ದು, ಹೊರಗೆ ನನ್ನ ಪಕ್ಕದಿಂದ ಒಂದು ಮಗು ಅವ್ವಾ ಎಂದರೆ ತೆಗೆಯಬೇಡ. ನಾನು ಬೇಡಿಕೊಂಡರೂ ತೆಗೆಯಬೇಡ.