‘ಬರ್ತೀನಿ’ ಅಂದವರು ಬಂದಿದ್ದರು

ದಾವಣಗೆರೆ, ಏಳನೇ ನೆರಳು
ಎರಡನೇ ಏಪ್ರಿಲ್ ೩೧, ೨೩೧೮

ಪೂಜ್ಯ ಎನ್ನಬೇಕೋ ಚಿರಂಜೀವಿ ಎನ್ನಬೇಕೋ ತಿಳಿಯದ ರೇಣುಕಾ ಅವರಿಗೆ,

ತಾರೀಖು ನೋಡಿ ಯಾವುದೋ ಹುಚ್ಚಿಯ ಕಾಗದ ಎಂದು ಎಸೆದುಬಿಡಬೇಡಿ. ಬೇಸಿಗೆ ಒಂದು ಏಪ್ರಿಲ್‌ನಲ್ಲಿ ಹಿಡಿಸದೆ ಹೋದಾಗ ನಮ್ಮ ಹಿರಿಯರು ಇನ್ನೊಂದು ಏಪ್ರಿಲ್ ಸೇರಿಸಿದರು, ಅದಕ್ಕೆ ಮೂವತ್ತೊಂದು ದಿನ. ನನ್ನ ಮಾತಿನಲ್ಲಿ ನಿಮಗೆ ಗುರುತು ಹತ್ತದ ಪದಗಳು ಬಂದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಿಮಗೀಗ ಇಪ್ಪತ್ತೊಂಬತ್ತು, ನನಗೆ ಐವತ್ತೊಂದು. ಆದರೂ ನೀವು ನನಗೆ ಹತ್ತು ತಲೆಮಾರಿನ ಹಿಂದಿನ ಅಜ್ಜಿ. ಹಿಂದಿನ ಕಾಲಕ್ಕೆ ಹೋಗುವ ಅಂಚೆ ಇನ್ನೂ ಶುರುವಾಗಿಲ್ಲ ಎನ್ನುವುದು ನನಗೂ ಗೊತ್ತು. ಬರೆಯದೆ ಇರಲಾರೆ, ಅಷ್ಟೇ.

ನಿಮ್ಮ ಯಜಮಾನರು ಕೊಟ್ರೇಶ್ ಅವರು ಹಾಡಿದ ‘ಬರ್ತೀನಿ ರೇಣು, ಬಾಗ್ಲು ಹಾಕ್ಕೋ’ ಈಗ ನಿಮ್ಮೂರಿನ ಆಟೋಗಳಲ್ಲಿ, ಮದುವೆ ಮನೆಯ ಆರ್ಕೆಸ್ಟ್ರಾಗಳಲ್ಲಿ, ಹುಡುಗರ ಫೋನುಗಳಲ್ಲಿ ಮೊಳಗುತ್ತಿರಬೇಕು. ಅದು ಇಲ್ಲಿಯೂ ಬದುಕಿದೆ. ನಾನು ನೆರಳುಗಾರ್ತಿ. ಬೀದಿಯ ಮೇಲೆ ಕಟ್ಟಿದ ದೊಡ್ಡ ಹಾಸುಬಟ್ಟೆಗಳನ್ನು ಬಿಸಿಲು ತಿರುಗಿದಂತೆ ಎಳೆದು ಸಡಿಲಿಸುವುದು ನನ್ನ ಕೆಲಸ. ಒಂದೊಂದು ಬಟ್ಟೆಯ ಕೆಳಗಿನ ಓಣಿಗೂ ನೆರಳು ಎಂದೇ ಹೆಸರು. ಹಗ್ಗ ಎಳೆಯುವಾಗ ನಾವೆಲ್ಲ ಹಾಡುವುದು ನಿಮ್ಮ ಹಾಡನ್ನೇ. ಆದರೆ ಅದನ್ನು ಹಾಡುವಾಗ ನಾನು ಮಾತ್ರ ತಲೆ ತಗ್ಗಿಸುತ್ತಿದ್ದೆ.

ಯಾಕೆಂದು ಕೇಳಿ. ನಮ್ಮ ನೆರಳುಗಳಿಗೆ ಕಿವಿಬಾಗಿಲುಗಳಿವೆ. ಒಳಗೆ ಎಷ್ಟು ಜನ ಇದ್ದಾರೆ ಎಂದು ನಮ್ಮ ಮಾತು ಕೇಳಿಯೇ ಲೆಕ್ಕ ಹಿಡಿದು, ಅಷ್ಟು ಜನಕ್ಕೆ ನೀರು, ತಂಪುಗಾಳಿ ಬಿಡುವ ಬಾಗಿಲುಗಳು. ಹಿಂದೆ ಯಾರೋ ಹೊರಗೆ ಹೋಗುತ್ತ ‘ಬರ್ತೀನಿ’ ಎಂದರೆ ಈ ಪೆದ್ದು ಬಾಗಿಲು ಇನ್ನೊಬ್ಬರು ಬಂದರು ಎಂದು ಬರೆದುಕೊಳ್ಳುತ್ತಿತ್ತಂತೆ. ಹೋದವರ ಹೆಸರಿನಲ್ಲಿ ನೀರು ಸುರಿದು ಹರಿದು, ಇದ್ದವರ ಕೊಡ ಬರಿದಾಯಿತು. ಕಡೆಗೆ ಹಿರಿಯರು ಕೂತು, ಹೋಗುವವರು ‘ಹೋದೆ’ ಎಂದೇ ಹೇಳತಕ್ಕದ್ದು ಎಂದು ಕಟ್ಟು ಮಾಡಿದರು. ಅದಾಗಿ ನೂರೈವತ್ತು ವರ್ಷ. ಈಗ ನಮ್ಮ ಮಕ್ಕಳು ಶಾಲೆಗೆ ಹೊರಡುವಾಗ ಹೊಸಿಲ ಮೇಲೆ ನಿಂತು ‘ಅವ್ವಾ, ಹೋದೆ’ ಎಂದು ಕೂಗಿಯೇ ಹೋಗುತ್ತವೆ. ನಿಮಗೆ ಎದೆ ಧಸಕ್ಕೆಂದಿರಬೇಕು. ‘ಬಿಡ್ತು ಅನ್ನು!’ ಎಂದು ನೀವು ತಲೆಗೆ ಮೊಟಕುತ್ತಿದ್ದಿರೇನೋ. ನಮಗೆ ಹಾಗೆ ಅನ್ನಿಸುವುದನ್ನೇ ನಾವು ಮರೆತಿದ್ದೆವು.

ಮರೆತವರ ಕಿವಿಗೆ ನಿಮ್ಮ ಹಾಡು ಹೇಗೆ ಕೇಳಿಸಿತು ನೋಡಿ. ಗಂಡ ಬರುತ್ತೇನೆ ಎಂದು ಆಣೆಯಿಟ್ಟ, ಬೇರೆ ಯಾರೂ ಒಳಗೆ ಬಾರದಂತೆ ಬಾಗಿಲು ಹಾಕಿಕೊಂಡು ಕಾಯಿ ಎಂದ, ಬರಲೇ ಇಲ್ಲ. ರೇಣು ಮುಚ್ಚಿದ ಬಾಗಿಲ ಹಿಂದೆ ಮುದುಕಿಯಾಗಿ ಸತ್ತಳು. ಅವನು ಎಲ್ಲೋ ಇನ್ನೊಬ್ಬಳನ್ನು ಕಟ್ಟಿಕೊಂಡು ಮಕ್ಕಳು ಮಾಡಿದ, ಆ ಮಕ್ಕಳ ವಂಶವೇ ನಾವು. ‘ಬಾರದವರು’ ಎಂಬುದು ನಮ್ಮ ಮನೆತನದ ಹೆಸರು. ನಮ್ಮಲ್ಲಿ ಮದುವೆ ಎಂದರೆ ಮಾತುಗಟ್ಟು. ಗಂಡು ಹೆಣ್ಣು ಇಬ್ಬರೂ ಇಡೀ ನೆರಳಿನ ಎದುರು ನಿಂತು ಮಾತು ಕೊಡಬೇಕು. ಬಾರದವರ ಮಾತು ಮಾತ್ರ ಅಷ್ಟರಿಂದಲೇ ನಡೆಯದು, ಬೇರೆ ಮನೆಯವರೊಬ್ಬರು ಪಕ್ಕದ ಕಲ್ಲಿನ ಮೇಲೆ ಹೊಣೆ ನಿಲ್ಲಬೇಕು. ನನ್ನ ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಹೊಣೆ ನಿಲ್ಲುತ್ತೇನೆಂದ ಮಹಾನುಭಾವರು ಆ ದಿನ ತಲೆಯನ್ನೇ ತೋರಿಸಲಿಲ್ಲ. ಅಡುಗೆ ಆಗಿತ್ತು, ಜನ ಬಂದಿದ್ದರು. ಎಲ್ಲರೂ ಉಂಡು ಎದ್ದು ಹೋದರು. ಹೆಸರು ಸರ್ವಮಂಗಳ, ಮಂಗಳ ಮಾತ್ರ ಆಗಲಿಲ್ಲ ಎಂದು ಓಣಿಯವರು ಇಪ್ಪತ್ತೇಳು ವರ್ಷ ನಕ್ಕರು. ನಾನೂ ಜೊತೆಗೆ ನಗುತ್ತಿದ್ದೆ, ಬೇರೆ ದಾರಿ ಇರಲಿಲ್ಲ.

ಹೋದ ವರ್ಷ ಹಾಲೇಶ ನನ್ನನ್ನು ಕೇಳಿದ. ಕಿವಿಬಾಗಿಲು ರಿಪೇರಿ ಮಾಡುವವನು, ಹೆಂಡತಿ ತೀರಿಕೊಂಡು ಆರು ವರ್ಷ. ಮಾತು ಕಡಿಮೆ, ಕೈ ಚುರುಕು. ನನಗೂ ಮನಸ್ಸಿತ್ತು, ಅದನ್ನು ಮುಚ್ಚಿಟ್ಟು ಏನಾಗಬೇಕು? ಆದರೆ ಅವನ ಅಕ್ಕ ನಾಗವೇಣಿ ಓಣಿಯ ನಡುವೆಯೇ ಕೂಗಿದಳು: “ಬಾರದವ್ರ ಮನೆ ಹೆಣ್ಣು ತಂದ್ಕಂಡು ನೀನೂ ಬಾಗ್ಲು ಕಾಯ್ಕಂತ ಕೂರ್ತೀಯೇನು?” ಹೊಣೆಗೆ ಯಾರೂ ಮುಂದೆ ಬರದಂತೆ ಮನೆಮನೆಗೂ ಹೇಳಿ ಬಂದಳು. ಆಕೆ ಕೆಟ್ಟವಳಲ್ಲ, ತಮ್ಮನ ಮೇಲಿನ ಪ್ರೀತಿ ಹಾಗೆ ಮಾಡಿಸಿತ್ತು. ನನಗೆ ಮಾತ್ರ ಈ ಸಲವೂ ಆಯಿತು ಎನ್ನಿಸಿ, ಎರಡು ದಿನ ಹಗ್ಗ ಮುಟ್ಟಲು ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಹಾಲೇಶ ಒಂದು ಹಳೆಯ ಬಾಗಿಲು ಬಿಚ್ಚಿದ. ಆ ಬಾಗಿಲುಗಳಿಗೆ ಕನ್ನಡ ಕಲಿಸಲು ನಿಮ್ಮ ಕಾಲದ ದನಿಗಳನ್ನು ತುಂಬಿದ್ದರಂತೆ. ಅದರ ಹೊಟ್ಟೆಯೊಳಗೆ ಸಾವಿರಾರು ಜನ ಇನ್ನೂ ಮಾತಾಡುತ್ತಲೇ ಇದ್ದರು. ಅವರ ನಡುವೆ ನೀವಿದ್ದಿರಿ. ಹಾಡು ಹೆಸರು ಮಾಡಿದ ಮೇಲೆ ರೇಡಿಯೊದವರು ನಿಮ್ಮನ್ನು ಕರೆದು ಕೂರಿಸಿದ್ದರಲ್ಲ, ಅದು. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಕೂತು ಕೇಳಿದೆವು. ಯಾವುದೋ ಜಗಳಕ್ಕೆ ನೀವಿಬ್ಬರೂ ಮೂರು ದಿನ ಮಾತು ಬಿಟ್ಟಿದ್ದಿರಿ. ನಾಲ್ಕನೇ ದಿನ ಅವರು ಅಂಗಡಿಗೆ ಹೊರಟು, ಚಪ್ಪಲಿ ಮೆಟ್ಟುತ್ತ, ಮುಖ ಅತ್ತ ಮಾಡಿಕೊಂಡೇ ಹೇಳಿದರು: “ಬರ್ತೀನಿ ರೇಣು, ಬಾಗ್ಲು ಹಾಕ್ಕೋ, ಕೋತಿ ಬರ್ತಾವೆ.” ಅಷ್ಟಕ್ಕೇ ನಿಮಗೆ ಅಳು ಬಂದುಬಿಟ್ಟಿತು. ಅವರು ಸ್ಕೂಟರಿನ ಮೇಲೆ ಅದಕ್ಕೇ ರಾಗ ಹಾಕಿದರು. ಸ್ಟುಡಿಯೊದವರು ಪ್ರೇಮಗೀತೆಯಲ್ಲಿ ಕೋತಿ ಯಾಕ್ರೀ ಎಂದು ಕೋತಿಯನ್ನು ತೆಗೆಸಿದರು. ಅಯ್ಯೋ ಪುಣ್ಯಾತ್ಮರಾ, ಆ ಒಂದು ಕೋತಿಯನ್ನು ಬಿಟ್ಟಿದ್ದರೆ ನನ್ನ ಮದುವೆ ಎಂದೋ ಆಗಿರುತ್ತಿತ್ತು!

“ಹಂಗಾರೆ ನೀವು ಕಾಯ್ತಾನೇ ಇದ್ರಾ?” ಎಂದು ರೇಡಿಯೊದ ಹುಡುಗಿ ಕೇಳುತ್ತಾಳೆ. ನೀವು ನಕ್ಕಿರಿ. “ಎಲ್ಲಿ ಕಾಯೋದ್ರೀ? ಸಂಜಿ ಆರಕ್ಕೇ ಬಂದ್ರು. ಕೊತ್ತಂಬ್ರಿ ತರ್ರಿ ಅಂದಿದ್ದೆ, ಅದನ್ನೇ ಮರ್ತು ಬಂದಿದ್ರು.” ನಾನು ಹಾಲೇಶನ ತೋಳು ಹಿಡಿದುಕೊಂಡೆ. ಬಂದಿದ್ದರು! ಆಮೇಲೆ ನೀವು, ಹಾಡು ಹಾಕಿದರೆ ಹೊಟ್ಟೆಯಲ್ಲಿರುವ ಕೂಸು ಒದೆಯುತ್ತದೆ ಎಂದಿರಿ. ಹುಟ್ಟಿದ ವರ್ಷ ತಾಳೆ ನೋಡಿದೆ, ಆ ಕೂಸಿನಿಂದಲೇ ನಮ್ಮ ಮನೆತನದ ಪಟ್ಟಿ ಶುರುವಾಗುತ್ತದೆ. ಅಂದರೆ ನಾನು ಇನ್ನೊಬ್ಬಳ ಕಡೆಯವಳಲ್ಲ, ನಿಮ್ಮವಳೇ. ಹೆಣ್ಣೋ ಗಂಡೋ ನಾನು ಹೇಳುವುದಿಲ್ಲ. ನಿಮ್ಮ ಕಾಲದಲ್ಲಿ ಅದನ್ನು ಮೊದಲೇ ಹೇಳಿದರೆ ಜೈಲಂತೆ.

ಕಡೆಯಲ್ಲಿ ನೀವು ಎದ್ದು “ಬರ್ತೀನ್ರೀ” ಎಂದಿರಿ. ಆ ಹುಡುಗಿ “ಹೋಗ್ಬರ್ರಿ” ಎಂದಳು. ಕುರ್ಚಿ ಸರಿದು, ಬಳೆಯ ಸದ್ದು ದೂರವಾಗಿ, ಬಾಗಿಲು ಮುಚ್ಚಿಕೊಂಡಿತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬರ್ತೀನಿ ಎಂದವರು ಹೋದರಲ್ಲ! ಬೇರೆ ದನಿಗಳನ್ನು ಹುಡುಕಿದೆವು. ಡಾಕ್ಟರು, ಸೊಪ್ಪಿನವಳು, ಪಾಠ ಮುಗಿಸಿದ ಮೇಷ್ಟ್ರು, ಒಬ್ಬರಾದ ಮೇಲೊಬ್ಬರು ಬರ್ತೀನಿ ಎನ್ನುತ್ತಲೇ ಹೊರಟರು. ಹೋಗುವುದನ್ನು ಬಾಯಿಬಿಟ್ಟು ಹೇಳಲಾಗದೆ ಇಡೀ ಊರು ಹಾಗೆ ಅನ್ನುತ್ತಿತ್ತು. ಅದು ಆಣೆಯೂ ಅಲ್ಲ, ಮೋಸವೂ ಅಲ್ಲ. ಉಸ್ಸಪ್ಪಾ! ನೂರು ಚಿಲ್ಲರೆ ವರ್ಷದ ಹೊರೆ ಇಳಿದು, ನಾನು ಅಲ್ಲೇ ನೆಲದ ಮೇಲೆ ಕೂತು ಮನಸಾರೆ ಅತ್ತೆ.

ಅದನ್ನು ನೆರಳಿನ ಕಟ್ಟೆಯಲ್ಲಿ ಎಲ್ಲರಿಗೂ ಕೇಳಿಸಿದೆವು. ನಾಗವೇಣಿ ಮೊದಲು ಸೆರಗು ಬಿಗಿದುಕೊಂಡು ನಿಂತಿದ್ದಳು. ಕೊತ್ತಂಬರಿಯ ಮಾತು ಬಂದಾಗ ಕಿಸಕ್ಕನೆ ನಕ್ಕುಬಿಟ್ಟಳು. “ಇವ್ನೂ ಹಂಗೇ ಕಣವ್ವ, ಒಂದು ತರಾಕೆ ಕಳ್ಸಿದ್ರೆ ಬರೀ ಕೈಯಾಗೆ ಬರ್ತಾನೆ” ಎಂದು ನನ್ನ ಪಕ್ಕಕ್ಕೆ ಬಂದು ಕೂತಳು. “ನಾನು ಅಷ್ಟು ಜೋರಾಗಿ ಕೂಗ್ಬಾರ್ದಿತ್ತು” ಎಂದೂ ಸೇರಿಸಿದಳು. ಆಗಲಿ ಬಿಡು ಎಂದೆ.

ಅಜ್ಜೀ, ನಿಮ್ಮನ್ನು ಇಷ್ಟು ಕಾಲ ಮುಚ್ಚಿದ ಬಾಗಿಲ ಹಿಂದೆ ಕೂರಿಸಿಬಿಟ್ಟಿದ್ದೆವು, ತಪ್ಪಾಯಿತು. ಒಂದೇ ಕೇಳಿಕೆ. ಹಾಡುಗಳನ್ನು ಹೇಗೂ ಕೂಡಿಡುತ್ತೀರಿ. ಹಾಡಿನ ಸುತ್ತಲಿನ ಕೆಲಸಕ್ಕೆ ಬಾರದ ಮಾತನ್ನೂ ಸ್ವಲ್ಪ ಇಟ್ಟಿರಿ. ರೇಡಿಯೊದವರು ಮತ್ತೆ ಕರೆದರೆ ಹೋಗಿ, ಬಾಯಿತುಂಬ ಮಾತಾಡಿ.

ಮೊನ್ನೆ ಮಾತುಗಟ್ಟು ಆಯಿತು. ನೆರಳಿನ ಬಟ್ಟೆಯನ್ನು ನಾನೇ ಎಳೆದು ಕಟ್ಟಿ, ಕೈ ತೊಳೆದುಕೊಂಡು ಹೋಗಿ ನಿಂತೆ. ಪಕ್ಕದ ಕಲ್ಲಿನ ಮೇಲೆ ಯಾರೂ ಇರಲಿಲ್ಲ, ಈ ಸಲ ಹೊಣೆಗೆ ನಾನು ಯಾರನ್ನೂ ಕೇಳಿರಲಿಲ್ಲ. ಹಿರಿಯರು ರೂಢಿಯಂತೆ, “ಈಕಿ ಮಾತಿಗೆ ಯಾರ್ರಪ್ಪಾ?” ಎಂದು ಕೇಳಿದರು. ನಾನು ತಲೆ ಎತ್ತಿದೆ.

“ನಾನೇ” ಎಂದೆ. ಆಗಲಿ ಎಂದರು.

ನಿಮ್ಮ
ಸರ್ವಮಂಗಳ