ನಿಮ್ಮ ಸಹಿ, ನನ್ನ ಕೈ

ಸೋಮವಾರ, ಮಧ್ಯಾಹ್ನ

ಗಡಿಯಾರ ರಿಪೇರಿಯವರಿಗೆ,

‘ಪ್ರೀತಿಯ’ ಎಂದು ಶುರುಮಾಡಿ ಹೊಡೆದುಹಾಕಿದ್ದೇನೆ. ಕಂಡರೂ ಕಾಣದವರ ಹಾಗೆ ಮುಂದೆ ಓದಿ. ಹನ್ನೊಂದು ವರ್ಷದ ಮೇಲೆ ಹೆಂಡತಿಗೆ ಈಗೇನು ಬಂತು ಎಂದು ಹುಬ್ಬೇರಿಸಬೇಡಿ. ಹಳೆಯ ಜಗಳ ಕೆದಕಲು ಅಲ್ಲ, ಮನೆಯ ವಿಷಯಕ್ಕೆ ಬರೆಯುತ್ತಿದ್ದೇನೆ.

ನಮ್ಮ ಕಟ್ಟಡದ ಸರ್ಕಾರಿ ಬಾಡಿಗೆ ಮನೆಗಳನ್ನೆಲ್ಲ ಈಗ ಬಾಡಿಗೆದಾರರಿಗೇ ಮಾರುತ್ತಿದ್ದಾರೆ. ಕೊಂಡವರ ವರಸೆ ನೀವು ನೋಡಬೇಕು! ಎಲ್ಲ ಬಾಗಿಲಿಗೂ ಒಂದೇ ಬೂದು ಬಣ್ಣ ಇತ್ತಲ್ಲ, ಈಗ ಒಂದು ನೇರಳೆ, ಒಂದು ಕೇಸರಿ. ಮೊದಲ ಮಹಡಿಯ ಎಲೆಕ್ಟ್ರಿಷಿಯನ್ ಅಡುಗೆಮನೆ ಗೋಡೆ ಒಡೆದು ಹಾಲ್ ದೊಡ್ಡದು ಮಾಡಿಕೊಂಡ. ಅವನ ತಲೆಯ ಮೇಲೆ ನರ್ಸಮ್ಮನ ಬಚ್ಚಲು ಸೋರುತ್ತದೆ. ಮೊದಲಾಗಿದ್ದರೆ ಇಬ್ಬರೂ ಸೇರಿ ಬಾಡಿಗೆ ಆಫೀಸಿನವರನ್ನು ಬೈಯುತ್ತಿದ್ದರು. ಈಗ ನರ್ಸಮ್ಮ, “ಬಚ್ಚಲು ನಂದು, ಸೂರು ನಿಮ್ದು, ನೀವೇ ನೋಡ್ಕೊಳ್ಳಿ” ಅಂದುಬಿಟ್ಟಳು. ಎಲೆಕ್ಟ್ರಿಷಿಯನ್ ಮನೆಯ ಎದುರಿಗೇ ಮೆಟ್ಟಿಲ ಬಲ್ಬು ಕೆಟ್ಟು ಎರಡು ತಿಂಗಳಾಯಿತು. ಮೆಟ್ಟಿಲು ಯಾರದೂ ಅಲ್ಲವಂತೆ. ನಾನು ಹೊಲಿಗೆ ಬದಿಗಿಟ್ಟು ಮನೆಮನೆ ಹೊಕ್ಕು, ಯಾರು ಏನು ಬದಲಾಯಿಸಿದರೆಂದು ನೋಡಿಬರುತ್ತೇನೆ. ನನ್ನ ಈ ಚಾಳಿ ನಿಮಗೆ ಗೊತ್ತಲ್ಲ.

ಈಗ ತಪ್ಪೊಪ್ಪಿಗೆ. ಬಾಡಿಗೆ ಪುಸ್ತಕದಲ್ಲಿ ಹೆಸರಿರುವವರಿಗೆ ಮಾತ್ರ ಮನೆ ಮಾರುವುದು, ಆ ಹೆಸರು ನಿಮ್ಮದು. ನೀವು ಬಿಟ್ಟುಹೋದದ್ದು ತಿಳಿದರೆ ನನ್ನನ್ನು ಖಾಲಿ ಮಾಡಿಸುತ್ತಾರೆಂದು ಹೆದರಿ ನಾನು ಬಾಯಿ ಬಿಡಲೇ ಇಲ್ಲ. ಪ್ರತಿ ತಿಂಗಳು ಬಾಡಿಗೆ ವಸೂಲಿಯವನು ಬಂದು ನಿಮ್ಮ ಸಹಿ ಕೇಳಿದಾಗ, “ಸ್ನಾನ ಮಾಡ್ತಿದ್ದಾರೆ, ಕೊಡಿ” ಎಂದು ಪುಸ್ತಕ ಒಳಗೊಯ್ದು ನಾನೇ ಹಾಕಿಕೊಡುತ್ತಿದ್ದೆ. ಹನ್ನೊಂದು ವರ್ಷ ನೀವು ಬಚ್ಚಲಲ್ಲೇ ಇದ್ದಿರಿ. ಹೋದ ತಿಂಗಳು ಅವನು, “ನಿಮ್ಮ ಯಜಮಾನ್ರಷ್ಟು ಶುಚಿ ಮನುಷ್ಯನ್ನ ನಾನು ನೋಡೇ ಇಲ್ಲಮ್ಮ” ಎಂದ. ನಗು ತಡೆಯಲಾಗದೆ ಒಳಗೆ ಓಡಿದೆ.

ತೊಂದರೆ ಏನೆಂದರೆ, ನನ್ನದು ಕಸೂತಿಯ ಕೈ, ಸುಮ್ಮನಿರಲಿಲ್ಲ. ನಿಮ್ಮ ಸಹಿಯ ಬಾಲ ವರ್ಷದಿಂದ ವರ್ಷಕ್ಕೆ ಬಳ್ಳಿಯ ಹಾಗೆ ಸುತ್ತಿಕೊಂಡಿತು. ಆಫೀಸಿನಲ್ಲಿ ಈಗ ಅದೇ ನಿಮ್ಮ ಸಹಿ. ನಿಮ್ಮ ನಿಜವಾದ ಸಹಿ ಹಾಕಿದಿರೋ, ಅದು ಖೋಟಾ ಎನ್ನುತ್ತಾರೆ! ಮಾದರಿ ಜೊತೆಗಿಟ್ಟಿದ್ದೇನೆ. ಶಾಲೆಯ ಮಕ್ಕಳ ಹಾಗೆ ತಿದ್ದಿ ಕಲಿತು, ಗುರುವಾರದೊಳಗೆ ಬಂದು ಕೊಳ್ಳುವ ಕಾಗದಕ್ಕೆ ಸಹಿ ಮಾಡಿಕೊಡಿ. ಇಲ್ಲದಿದ್ದರೆ ಈ ಮನೆ ನನಗೆ ಉಳಿಯುವುದಿಲ್ಲ.

ಕೂದಲು ನರೆತಿದೆಯೇ? ಆ ಭೂತಗನ್ನಡಿ ಈಗಲೂ ಎಡಗಣ್ಣಿಗೇ ಸಿಕ್ಕಿಸಿಕೊಳ್ಳುತ್ತೀರಾ? ಸುಮ್ಮನೆ ಕೇಳಿದೆ.

ಇಂತಿ,
ಮೂರನೇ ಮಹಡಿಯ ಟೈಲರಮ್ಮ

ವಿ.ಸೂ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದೆ. ಗುರುವಾರದ ಗಡುವು ನಾನು ಕಟ್ಟಿದ ಸುಳ್ಳು. ಕೊಳ್ಳುವ ಕಾಗದಕ್ಕೆಲ್ಲ ಹೋದ ವಾರ ನಾನೇ ನಿಮ್ಮ ಸಹಿ ಹಾಕಿ ಕೊಟ್ಟಾಯಿತು. ನನ್ನ ಹೊಲಿಗೆಯ ದುಡಿಮೆಯಲ್ಲಿ ಕೊಂಡ ಮನೆ ಈಗ ನಿಮ್ಮದು. ಮನಸ್ಸು ಬಂದರೆ ನನ್ನನ್ನು ಹೊರಗೆ ಹಾಕಬಹುದು. ಅದನ್ನು ನನ್ನ ಹೆಸರಿಗೆ ಬರೆದುಕೊಡುವ ಪತ್ರವೊಂದು ಮೇಜಿನ ಮೇಲಿದೆ. ಅದಕ್ಕೂ ನಿಮ್ಮ ಸಹಿ ಹಾಕಲು ನನಗೆ ಅರೆಗಳಿಗೆ ಸಾಕು. ಮೂರು ದಿನ ಪೆನ್ನು ಹಿಡಿದು ಕೂತೆ, ಕೈ ಬರಲಿಲ್ಲ. ಇದೊಂದನ್ನು ನೀವಾಗಿ ಕೊಡುತ್ತೀರೋ ಇಲ್ಲವೋ, ನನಗೆ ತಿಳಿಯಬೇಕು.